ಕಬ್ಬಿಣದ ನೇಗಿಲಿನ ಲಕ್ಷ್ಮಣರಾಯರು

ಕಾಡುಗೋಡಿಯಲ್ಲಿ ನಿಂತು ನಾಲ್ಕು ದಿಕ್ಕಿಗೂ ಕಣ್ಣು ಹಾಯಿಸಿದರೆ ಇಂದು ಕಾಣುವುದು ಕಾರ್ಖಾನೆಗಳ ಸಾಲು, ಗಾಜಿನ ಗೋಡೆಗಳ ಬಹುಮಹಡಿ ಕಟ್ಟಡಗಳು, 2023ರಲ್ಲಿ ಇಲ್ಲಿಯವರೆಗೆ ಬಂದ ಮೆಟ್ರೋ ರೈಲಿನ ಹಾದಿ. ಈ ನೆಲವು ಹಿಂದೆ ರಾಗಿಯ ಹೊಲವಾಗಿದ್ದಿತೆಂಬುದನ್ನು ಹಿರಿಯರು ಮಾತ್ರ ಬಲ್ಲರು. ನೆರೆಯ ವೈಟ್‌ಫೀಲ್ಡ್ ಸಹ ಹುಟ್ಟಿದುದು ಬೇಸಾಯಕ್ಕಾಗಿಯೇ. 1882ರಲ್ಲಿ ಚಾಮರಾಜ ಒಡೆಯರವರು ಆಂಗ್ಲೋ ಇಂಡಿಯನ್ ಸಂಘಕ್ಕೆ ನೀಡಿದ 3,900 ಎಕರೆ ಭೂಮಿಯಲ್ಲಿ ಕೃಷಿಕರ ನೆಲೆಯೊಂದನ್ನು ಕಟ್ಟಬೇಕೆಂಬುದು ಅಂದಿನ ಉದ್ದೇಶವಾಗಿದ್ದಿತು. ಇಂದು ನಮ್ಮ ಶಾಲೆಯ ಮಕ್ಕಳ ಬಾಯಲ್ಲಿ ದಿನಕ್ಕೊಂದು ಹೊಸ ಉಪಕರಣದ ಹೆಸರು ಕೇಳಿಬರುತ್ತದೆ. ಅದನ್ನು ಯಾರು ಕಂಡುಹಿಡಿದರು, ಎಷ್ಟು ದಿನದಲ್ಲಿ ಎಷ್ಟು ಮಾರಾಟವಾಯಿತು ಎಂಬ ವಿವರವೂ ಅವರಿಗೆ ತಿಳಿದಿರುತ್ತದೆ. ಜನಸಾಮಾನ್ಯನು ಹಣ ಕೊಟ್ಟು ಕೊಂಡು ಮನೆಗೆ ಒಯ್ಯುವಂತಹ ಕಾರ್ಖಾನೆಯ ವಸ್ತುವೊಂದು ನಮ್ಮ ನಾಡಿನ ಮಣ್ಣಿನಲ್ಲಿಯೇ ಮೊದಮೊದಲು ಹೇಗೆ ತಯಾರಾಯಿತು, ಅದನ್ನು ಕೊಳ್ಳುವವರು ಎಷ್ಟು ಕಾಲ ಇಲ್ಲದೆಹೋದರು ಎಂಬುದನ್ನು ಅವರಿಗೆ ಹೇಳಬೇಕೆಂಬ ಆಸೆಯಿಂದ ಈ ಚರಿತ್ರೆಯನ್ನು ಬರೆಯುತ್ತಿದ್ದೇನೆ. ಆ ವಸ್ತು ಕಬ್ಬಿಣದ ನೇಗಿಲು. ಅದನ್ನು ಮಾಡಿದವರು ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು.

ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ನಮ್ಮ ಕಡೆಯ ಯಾತ್ರಿಕರು ಆ ಊರಿನ ಹತ್ತಿರದಲ್ಲಿಯೇ ಹಾದುಹೋಗುತ್ತಾರೆ. ಮರಾಠೀ ಸಂಗೀತ ನಾಟಕದ ಮೂಲಪುರುಷರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದುದೂ ಅದೇ ಊರಿನಲ್ಲಿ. ಮನೆಮಾತು ಮರಾಠಿ, ಊರ ಮಾತು ಕನ್ನಡ, ಆಡಳಿತ ಮುಂಬಯಿ ಇಲಾಖೆಯದು. ಗಡಿನಾಡಿನ ಬದುಕು ಅಂದಿಗೂ ಹೀಗೆಯೇ ಇದ್ದಿತು.

ಬಾಲಕನಿಗೆ ಶಾಲೆಯ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಚಿತ್ರ ಬರೆಯುವುದರಲ್ಲಿ ಆಸಕ್ತಿ, ಯಂತ್ರಗಳ ವಿಷಯದಲ್ಲಿ ಕುತೂಹಲ. ಅಣ್ಣ ರಾಮಚಂದ್ರರಾಯರ ಬೆಂಬಲದಿಂದ 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ಎರಡು ವರ್ಷ ಕಳೆಯುವಷ್ಟರಲ್ಲಿ ತಮ್ಮ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುವುದಿಲ್ಲವೆಂಬ ಸಂಗತಿ ಹೊರಬಿದ್ದಿತು. ಚಿತ್ರಕಾರನಾಗಬೇಕೆಂದಿದ್ದ ತರುಣನಿಗೆ ಇದಕ್ಕಿಂತ ದೊಡ್ಡ ಆಘಾತ ಮತ್ತಾವುದಿದ್ದೀತು? ಆದರೆ ಯಂತ್ರದ ನಕ್ಷೆಗೆ ಬಣ್ಣ ಬೇಕಿಲ್ಲ, ಗೆರೆ ಮತ್ತು ಅಳತೆ ಸಾಕು. ಅವರು ಯಾಂತ್ರಿಕ ರೇಖಾಚಿತ್ರದ ಕಡೆಗೆ ತಿರುಗಿ, ಅದರಲ್ಲಿ ಪರಿಣತರಾಗಿ, ಹೊಸದಾಗಿ ಸ್ಥಾಪಿತವಾಗಿದ್ದ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಉಪಾಧ್ಯಾಯರಾದರು. ಬಿಡುವಾದಾಗಲೆಲ್ಲ ಸಂಸ್ಥೆಯ ಕಾರ್ಯಾಗಾರದಲ್ಲಿಯೇ ಇದ್ದು ಯಂತ್ರಗಳನ್ನು ಬಿಚ್ಚಿ ಜೋಡಿಸಿ ಕಲಿತರು. ಮುಂದೆ ಅವರಿಗೆ ಬೇಕಾದ ವಿದ್ಯೆಯೆಲ್ಲವೂ ದೊರೆತುದು ಈ ಎರಡನೆಯ ಶಾಲೆಯಲ್ಲಿ.

ಅದೇ ಕಾಲದಲ್ಲಿ ಮುಂಬಯಿಯ ಬೀದಿಗಳಲ್ಲಿ ಸೈಕಲ್ಲೆಂಬ ಹೊಸ ವಾಹನ ಕಾಣಿಸಿಕೊಂಡಿತು. ಲಕ್ಷ್ಮಣರಾಯರು ಸೈಕಲ್ಲುಗಳನ್ನು ಕೊಂಡು ಬೆಳಗಾವಿಗೆ ಕಳುಹಿಸುವುದು, ಅಣ್ಣನವರು ಅಲ್ಲಿ ಮಾರುವುದು, ಹೀಗೆ 1888ರಲ್ಲಿ ಕಿರ್ಲೋಸ್ಕರ ಸಹೋದರರ ಅಂಗಡಿ ಆರಂಭವಾಯಿತು. ಕೊಂಡವರಿಗೆ ಹತ್ತಲು ಬರದು, ಆದುದರಿಂದ ಸವಾರಿ ಕಲಿಸುವುದೂ ವ್ಯಾಪಾರದ ಭಾಗವೇ ಆಯಿತು. ಅದಕ್ಕೆ 15 ರೂಪಾಯಿ ಶುಲ್ಕ. ವಸ್ತುವನ್ನು ಮಾರಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಅದನ್ನು ಬಳಸುವ ಬಗೆಯನ್ನೂ ಕಲಿಸಬೇಕು ಎಂಬ ಪಾಠವನ್ನು ಸಹೋದರರಿಗೆ ಮೊದಲು ಹೇಳಿಕೊಟ್ಟುದು ಈ ಸೈಕಲ್ಲೇ ಇರಬೇಕು.

ಮುಂಬಯಿಯ ಸಂಸ್ಥೆಯಲ್ಲಿ ರಾಯರಿಗೆ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ ಇಂಡಿಯನ್ ಒಬ್ಬರಿಗೆ ಹೋಯಿತು. ರಾಯರು ಜಗಳವಾಡಲಿಲ್ಲ, ಅರ್ಜಿ ಬರೆಯಲಿಲ್ಲ, ಕೆಲಸವನ್ನು ಬಿಟ್ಟು ಬೆಳಗಾವಿಗೆ ಬಂದುಬಿಟ್ಟರು. ತಿಂಗಳ ಸಂಬಳವನ್ನು ನಂಬಿದ್ದ ಸಂಸಾರವನ್ನು ಕರೆದುಕೊಂಡು ಹೀಗೆ ಹೊರಟುಬರುವುದು ಸುಲಭದ ಮಾತಲ್ಲ. ಅವರ ಧರ್ಮಪತ್ನಿ ರಾಧಾಬಾಯಿಯವರ ಹೆಸರನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ನ್ಯಾಯವಲ್ಲ.

ಬೆಳಗಾವಿಯ ಸಣ್ಣ ಕಾರ್ಯಾಗಾರದಲ್ಲಿ ರಾಯರ ಗಮನವೆಲ್ಲ ರೈತನ ಕಡೆಗೆ ಹರಿಯಿತು. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಸೈಕಲ್ಲನ್ನು ಕೊಳ್ಳುವವರು ವಕೀಲರು, ಅಧಿಕಾರಿಗಳು, ಕೆಲವೇ ಮಂದಿ. ಹೊಲವನ್ನು ಉಳುವವರು ಲಕ್ಷಾಂತರ. ಅವರ ಕೈಯಲ್ಲಿದ್ದ ಉಪಕರಣಗಳಾದರೋ ಅಜ್ಜಮುತ್ತಜ್ಜರ ಕಾಲದವು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು, ಇವೆರಡು ಅವರು ಕೈಗೊಂಡ ಮುಖ್ಯ ಕೆಲಸಗಳು. ಮೇವಿನ ಯಂತ್ರದ ಪ್ರಯೋಜನ ರೈತನ ಕಣ್ಣಿಗೆ ಕೂಡಲೇ ಕಾಣುವಂತಹುದು. ಜೋಳದ ಕಣಿಕೆಯನ್ನು ಹಾಗೆಯೇ ಹಾಕಿದರೆ ಎತ್ತು ಎಲೆಯನ್ನು ತಿಂದು ದಂಟನ್ನು ತುಳಿದುಬಿಡುತ್ತದೆ, ಕತ್ತರಿಸಿ ಹಾಕಿದರೆ ದಂಟೂ ಹೊಟ್ಟೆಗೆ ಸೇರುತ್ತದೆ. ನೇಗಿಲಿನ ಕಥೆ ಮಾತ್ರ ಬೇರೆಯಾಯಿತು.

ನಮ್ಮ ಮಕ್ಕಳಲ್ಲಿ ನೇಗಿಲನ್ನು ಮುಟ್ಟಿದವರು ಈಗ ಕಡಿಮೆ. ಆದುದರಿಂದ ಕೊಂಚ ವಿವರಿಸುವುದು ಅವಶ್ಯ. ಮರದ ನೇಗಿಲಿನಲ್ಲಿ ಕಬ್ಬಿಣವೆಂದರೆ ತುದಿಯ ಕುಳ ಮಾತ್ರ. ಅದು ನೆಲವನ್ನು ಸೀಳಿಕೊಂಡು ಹೋಗುತ್ತದೆ, ಮಣ್ಣನ್ನು ಮಗುಚುವುದಿಲ್ಲ. ಎರಡು ಸಾಲುಗಳ ನಡುವೆ ಉಳುಮೆಯಾಗದ ಮಣ್ಣಿನ ಏಣು ಉಳಿಯುವುದರಿಂದ ರೈತನು ಅದೇ ಹೊಲವನ್ನು ಅಡ್ಡಲಾಗಿ ಮತ್ತೆ ಉಳಬೇಕು. ಕರಿಮಣ್ಣಿನಲ್ಲಿ ಆಳಕ್ಕಿಳಿದ ಗರಿಕೆಯ ಬೇರು, ಜೇಕಿನ ಗಡ್ಡೆ ಇವು ಅಷ್ಟಕ್ಕೆ ಸಾಯುವುದಿಲ್ಲ. ಕಬ್ಬಿಣದ ನೇಗಿಲಿನಲ್ಲಿ ಅಗಲವಾದ ಕುಳವು ಮಣ್ಣನ್ನು ತಳದಲ್ಲಿ ಅಡ್ಡಲಾಗಿ ಕೊಯ್ಯುತ್ತದೆ. ಅದರ ಮೇಲೆ ಬಾಗಿಕೊಂಡಿರುವ ಕಬ್ಬಿಣದ ರೆಕ್ಕೆಯು ಕೊಯ್ದ ಹೆಂಟೆಯನ್ನು ಎತ್ತಿ, ತಿರುವಿ, ಪಕ್ಕದ ಸಾಲಿಗೆ ಕವುಚಿ ಹಾಕುತ್ತದೆ. ಅಡಿಯ ಮಣ್ಣು ಮೇಲೆ ಬಂದು ಬೇಸಗೆಯ ಬಿಸಿಲಿಗೆ ಕಾಯುತ್ತದೆ, ಕಳೆಯ ಬೇರು ಒಣಗುತ್ತದೆ, ಮುಂಗಾರಿನ ಮೊದಲ ಮಳೆಯನ್ನು ಆ ಭೂಮಿ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಇಡಿಯ ಉಪಕರಣದ ಗುಟ್ಟು ಆ ರೆಕ್ಕೆಯ ಬಾಗಿನಲ್ಲಿದೆ. ಬಾಗು ತಪ್ಪಿದರೆ ಮಣ್ಣು ಅಂಟಿಕೊಳ್ಳುತ್ತದೆ ಅಥವಾ ಎತ್ತುಗಳಿಗೆ ಎಳೆತ ಹೆಚ್ಚುತ್ತದೆ.

ಇಂಗ್ಲೆಂಡಿನಲ್ಲಿ ಇಂತಹ ನೇಗಿಲುಗಳು ಬಹಳ ಹಿಂದೆಯೇ ಬಳಕೆಗೆ ಬಂದಿದ್ದವು. ಇಪ್ಸ್‌ವಿಚ್ ನಗರದ ರಾಬರ್ಟ್ ರ‍್ಯಾನ್ಸಮ್ ಎಂಬಾತನು 1803ರಲ್ಲಿಯೇ ಎರಕದ ಕಬ್ಬಿಣದ ಕುಳದ ಒಂದು ಮೈಯನ್ನು ಬೇಗ ತಣಿಸಿ ಗಟ್ಟಿ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದಿದ್ದನು. ಗಟ್ಟಿಯಾದ ಮೈ ನಿಧಾನವಾಗಿ, ಮೆತುವಾದ ಮೈ ಬೇಗ ಸವೆಯುವುದರಿಂದ ಅಂಥ ಕುಳವು ಉಳುತ್ತ ಉಳುತ್ತ ತಾನೇ ಹರಿತವಾಗುತ್ತಿದ್ದಿತು. ಲಕ್ಷ್ಮಣರಾಯರು ತಮ್ಮ ಕಬ್ಬಿಣದ ನೇಗಿಲನ್ನು ಸಿದ್ಧಪಡಿಸಿದುದು 1903ರಲ್ಲಿ, ಸರಿಯಾಗಿ ನೂರು ವರ್ಷಗಳ ಅನಂತರ. ಪರದೇಶದ ಮಾದರಿಯನ್ನು ಹಾಗೆಯೇ ಎರಕ ಹೊಯ್ದರೆ ಸಾಲದು, ಉಪಕರಣವು ನಮ್ಮ ಮಣ್ಣಿಗೂ ನಮ್ಮ ರೈತನಿಗೂ ಒಗ್ಗಬೇಕು ಎಂಬುದು ಅವರ ದೃಢವಾದ ನಂಬಿಕೆ. ಎರಕದ ಕೆಲಸದಲ್ಲಿ ಮೊದಲು ಮರದ ಅಚ್ಚು ಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಪೊಳ್ಳಿನಲ್ಲಿ ಕರಗಿದ ಕಬ್ಬಿಣವನ್ನು ಹೊಯ್ಯಬೇಕು. ಕಬ್ಬಿಣವು ತಣಿಯುವಾಗ ಕುಗ್ಗುವುದರಿಂದ ಅಚ್ಚನ್ನು ಅಷ್ಟರಮಟ್ಟಿಗೆ ದೊಡ್ಡದಾಗಿ ಕೆತ್ತಬೇಕು. ಇಲ್ಲಿ ಬೇಕಾದುದು ನಕ್ಷೆಯ ಜ್ಞಾನ. ಬಣ್ಣ ಕಾಣದ ಕಣ್ಣು ಗೆರೆಯನ್ನು ಚೆನ್ನಾಗಿ ಕಂಡುಕೊಂಡಿತ್ತು.

ನೇಗಿಲುಗಳು ತಯಾರಾದವು. ಕೊಳ್ಳುವವರು ಬರಲಿಲ್ಲ.

ಕಬ್ಬಿಣವು ಭೂಮಿತಾಯಿಗೆ ವಿಷವೆಂಬ ನಂಬಿಕೆ ರೈತರಲ್ಲಿ ಬೇರೂರಿದ್ದಿತು. ಅಷ್ಟು ಕಬ್ಬಿಣ ನೆಲದೊಳಗೆ ಹೊಕ್ಕರೆ ಹೊಲ ಸತ್ತುಹೋಗುವುದೆಂದು ಅವರು ಹೆದರಿದರು. ಮೊದಲ ನೇಗಿಲು ಮಾರಾಟವಾಗುವುದಕ್ಕೆ ಎರಡು ವರ್ಷಗಳು ಹಿಡಿದವು. ಈ ಎರಡು ವರ್ಷಗಳ ಮಾತನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸುವುದು ಸುಲಭ. ಕೈಯಲ್ಲಿದ್ದ ಹಣವೆಲ್ಲ ಕಬ್ಬಿಣವಾಗಿ ಕೊಟ್ಟಿಗೆಯಲ್ಲಿ ಬಿದ್ದಿರುವಾಗ, ಕೆಲಸಗಾರರಿಗೆ ಕೂಲಿ ಕೊಡಬೇಕಾದಾಗ, ಪ್ರತಿದಿನ ಬೆಳಿಗ್ಗೆ ಎದ್ದು ಅದೇ ಕಾರ್ಯಾಗಾರದ ಬಾಗಿಲು ತೆಗೆಯುವವನಿಗೆ ಅದರ ಉದ್ದ ಗೊತ್ತು.

ರಾಯರ ಚರಿತ್ರೆಯನ್ನು ಬರೆದವರಲ್ಲಿ ಅನೇಕರು ಇಲ್ಲಿ ರೈತನ ಮೂಢನಂಬಿಕೆಯನ್ನು ಹಳಿದು ಮುಂದೆ ಸಾಗುತ್ತಾರೆ. ನನಗೆ ಅದು ಒಪ್ಪಿಗೆಯಾಗದು. ಮೊದಲನೆಯದಾಗಿ, ಈ ಭಯ ನಮ್ಮ ರೈತನದು ಮಾತ್ರವಲ್ಲ. ಅಮೆರಿಕೆಯ ನ್ಯೂಜೆರ್ಸಿಯಲ್ಲಿ ಚಾರ್ಲ್ಸ್ ನ್ಯೂಬೋಲ್ಡ್ ಎಂಬಾತನು 1797ರಲ್ಲಿ ಎರಕದ ಕಬ್ಬಿಣದ ನೇಗಿಲಿಗೆ ಹಕ್ಕುಪತ್ರ ಪಡೆದಾಗ ಅಲ್ಲಿಯ ಬಿಳಿಯ ರೈತರೂ ಕಬ್ಬಿಣವು ಮಣ್ಣನ್ನು ವಿಷ ಮಾಡುವುದೆಂದು, ಕಳೆಯನ್ನು ಹೆಚ್ಚಿಸುವುದೆಂದು ಅದನ್ನು ದೂರವಿಟ್ಟರು. ಆತನು ಅದಕ್ಕಾಗಿ ಸುರಿದ ಹಣ ಹೋಯಿತು, ನೇಗಿಲು ಉಳಿಯಿತು. ಎರಡನೆಯದಾಗಿ, ವಿಷದ ಮಾತಿನ ಹಿಂದೆ ಬಾಯಿಬಿಟ್ಟು ಹೇಳದ ಬೇರೆ ಶಂಕೆಗಳೂ ಇದ್ದಿರಬೇಕೆಂದು ನನಗೆ ತೋರುತ್ತದೆ. ಮರದ ನೇಗಿಲು ಮುರಿದರೆ ಊರಿನ ಬಡಿಗನಿದ್ದಾನೆ, ಕುಳ ಸವೆದರೆ ಕಮ್ಮಾರನಿದ್ದಾನೆ. ಸುಗ್ಗಿಯಲ್ಲಿ ಕೊಡುವ ಆಯದ ಕಾಳಿನಲ್ಲಿ ಅವರ ಲೆಕ್ಕ ಮುಗಿಯುತ್ತದೆ. ಎರಕದ ಕಬ್ಬಿಣವನ್ನು ಕಾಯಿಸಿ ಬಡಿಯಲು ಬಾರದು, ಬಡಿದರೆ ಒಡೆಯುತ್ತದೆ. ಅದು ಸವೆದಾಗ ಪೇಟೆಗೆ ಹೋಗಿ ರೊಕ್ಕ ಕೊಟ್ಟು ಹೊಸ ಕುಳವನ್ನೇ ತರಬೇಕು. ಎತ್ತುಗಳು ಈ ಭಾರವನ್ನು ಎಳೆದಾವೇ? ಒಂದು ಹಂಗಾಮು ಕೈಕೊಟ್ಟರೆ ವರ್ಷದ ಅನ್ನಕ್ಕೆ ಯಾರು ಹೊಣೆ? ಹೊಸ ವಸ್ತುವನ್ನು ಪರೀಕ್ಷಿಸುವ ಖರ್ಚು ಯಾವಾಗಲೂ ಬಡವನ ಹೊಲದಲ್ಲಿಯೇ ಬೀಳುತ್ತದೆ. ಇಷ್ಟನ್ನೆಲ್ಲ ಲೆಕ್ಕ ಹಾಕಿ ಹಿಂಜರಿದವನನ್ನು ದಡ್ಡನೆಂದು ಕರೆಯಲಾಗದು.

ರಾಯರೂ ರೈತನನ್ನು ದೂರಿ ಕೂಡಲಿಲ್ಲವೆಂಬುದು ಅವರ ಹಿರಿಮೆ. ನೇಗಿಲು ಮಾಡುವುದನ್ನು ಅವರು ನಿಲ್ಲಿಸಲಿಲ್ಲ. ಮೊದಲು ಕೊಂಡವನ ಹೊಲದಲ್ಲಿ ಕಳೆ ಕಡಿಮೆಯಾಗಿ ಪೈರು ಎದ್ದುನಿಂತುದನ್ನು ಬದುವಿನಾಚೆಯ ರೈತನು ನೋಡಿದನು. ಹಳ್ಳಿಯಲ್ಲಿ ಇದಕ್ಕಿಂತ ಮಿಗಿಲಾದ ಜಾಹೀರಾತು ಇಲ್ಲ.

ಅಷ್ಟರಲ್ಲಿ ಮತ್ತೊಂದು ತೊಡಕು ಬಂದೊದಗಿತು. ಊರಿನ ವಿಸ್ತರಣೆಗೆ ಬೇಕೆಂಬ ಕಾರಣದಿಂದ ಕಾರ್ಯಾಗಾರದ ಜಾಗವನ್ನು ತೆರವು ಮಾಡಬೇಕೆಂದು ಬೆಳಗಾವಿಯ ನಗರಸಭೆ ಸೂಚನೆ ಕೊಟ್ಟಿತು. ಕುಲುಮೆಯನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು? ಆಗ ನೆರವಿಗೆ ಬಂದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಸೂರ್ಯನಮಸ್ಕಾರದ ಪ್ರಚಾರಕರೆಂದು ಹೆಸರಾದ ಈ ಅರಸರು ಸ್ವತಃ ಚಿತ್ರಕಾರರು, 1909ರಲ್ಲಿ ಪಟ್ಟಕ್ಕೆ ಬಂದಿದ್ದರು. ಅವರು ರಾಯರಿಗೆ ಕುಂಡಲ ರೋಡ್ ಎಂಬ ರೈಲು ನಿಲ್ದಾಣದ ಬಳಿ ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಭೂಮಿಯೆಂದರೆ ಪಾಪಾಸುಕಳ್ಳಿ ಬೆಳೆದ ಬಂಜರು, ನಾಗರಹಾವುಗಳ ಬೀಡು. 1910ರಲ್ಲಿ ಸುಮಾರು 25 ಮಂದಿ ಕೆಲಸಗಾರರು ಮತ್ತು ಅವರ ಕುಟುಂಬಗಳೊಡನೆ ಲಕ್ಷ್ಮಣರಾಯರು ಅಲ್ಲಿಗೆ ಬಂದು ಕಳ್ಳಿ ಕಡಿದು ನೆಲೆಸಿದರು. ಈ ಊರೇ ಮುಂದೆ ಕಿರ್ಲೋಸ್ಕರವಾಡಿ ಎನಿಸಿಕೊಂಡಿತು, ರೈಲು ನಿಲ್ದಾಣಕ್ಕೂ ಅದೇ ಹೆಸರು ಬಂದಿತು. ಇಂದು ಅದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದೆ.

ಬೆಳಗಾವಿಯ ಕುಲುಮೆಯೊಂದು ಹೀಗೆ ನಮ್ಮ ಸೀಮೆಯನ್ನು ಬಿಟ್ಟುಹೋಯಿತಲ್ಲಾ ಎಂದು ಓದುವಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ.

ವಾಡಿಯ ವಿಷಯದಲ್ಲಿ ನಮ್ಮ ಮಠದ ಶಾಲೆಯವರು ಗಮನಿಸಬೇಕಾದ ಒಂದು ಅಂಶವಿದೆ. ಹನ್ನೆರಡನೆಯ ಶತಮಾನದ ಶರಣರು ಉಳುವವನನ್ನೂ ನೇಯುವವನನ್ನೂ ಚಮ್ಮಾರನನ್ನೂ ಅನುಭವ ಮಂಟಪದಲ್ಲಿ ಸರಿಸಮನಾಗಿ ಕುಳ್ಳಿರಿಸಿದರು. ಒಕ್ಕಲಿಗ ಮುದ್ದಣ್ಣನವರ ಕಾಯಕ ಬೇಸಾಯವೇ ಆಗಿದ್ದಿತು. ಲಕ್ಷ್ಮಣರಾಯರು ಈ ಪರಂಪರೆಯವರಲ್ಲ, ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರು. ಓದುಬರಹದ ಮನೆತನದವನು ಕಬ್ಬಿಣ ಕುಟ್ಟುವುದು ಕೀಳೆಂದು ಬಗೆಯುತ್ತಿದ್ದ ಕಾಲದಲ್ಲಿ ಅವರು ಮೈಗೆ ಮಸಿ ಬಳಿದುಕೊಂಡರು, ತಮ್ಮ ವಾಡಿಯಲ್ಲಿ ಅಸ್ಪೃಶ್ಯತೆಗೆ ಎಡೆಗೊಡಲಿಲ್ಲ. ಎರಕದ ಮನೆಯಲ್ಲಿ ಒಬ್ಬನ ಕೈ ತಪ್ಪಿದರೆ ಎಲ್ಲರ ಕೆಲಸ ಕೆಡುತ್ತದೆ. ಅಲ್ಲಿ ಮಡಿಮೈಲಿಗೆಗೆ ಸ್ಥಳವಿಲ್ಲ. ಕಾಯಕದ ತತ್ತ್ವವನ್ನು ಅವರು ಯಾವ ಹೆಸರಿನಿಂದ ಕರೆದರೆಂಬುದು ಮುಖ್ಯವಲ್ಲ.

1914ರಲ್ಲಿ ಮಹಾಯುದ್ಧ ಆರಂಭವಾಗಿ ಪರದೇಶದ ನೇಗಿಲುಗಳು ಬರುವುದು ಕಷ್ಟವಾದಾಗ ಸ್ವದೇಶೀ ನೇಗಿಲಿಗೆ ಬೇಡಿಕೆ ಏರಿತು. ಅದರ ಜೊತೆಗೆ ಕಚ್ಚಾ ಕಬ್ಬಿಣದ, ಕಲ್ಲಿದ್ದಲಿನ ಅಭಾವವೂ ಬಂದಿತು. ಆ ಕಷ್ಟವನ್ನು ದಾಟಿದ ಮೇಲೆ ಕಾರ್ಖಾನೆ ಹಿಂದಿರುಗಿ ನೋಡಲಿಲ್ಲ. ರಾಯರ ಅಣ್ಣನ ಮಗ ಶಂಕರರಾಯರು ಕೂಡ ಚಿತ್ರಕಾರರು. ಅವರು 1920ರಲ್ಲಿ ಕಾರ್ಖಾನೆಯ ಸರಕುಗಳ ವಾರ್ತೆಯನ್ನು ತಿಳಿಸುವ ಪತ್ರಿಕೆಯೊಂದನ್ನು ಆರಂಭಿಸಿದರು. ನೇಗಿಲಿನ ಸುದ್ದಿಗಾಗಿ ಹುಟ್ಟಿದ ಆ ಹಾಳೆ ಕ್ರಮೇಣ ಮರಾಠಿಯ ಪ್ರಮುಖ ಮಾಸಪತ್ರಿಕೆಗಳಲ್ಲಿ ಒಂದಾಗಿ ಬೆಳೆದುದು ಸಾಹಿತ್ಯಚರಿತ್ರೆಯ ವಿಷಯ. ನೇಗಿಲಿನೊಡನೆ ಪತ್ರಿಕೆಯೂ ಹಳ್ಳಿಹಳ್ಳಿಗೆ ಹೋಯಿತು. 1926ರ ವೇಳೆಗೆ ನೀರೆತ್ತುವ ಪಂಪುಗಳ ತಯಾರಿಕೆ ಆರಂಭವಾಯಿತು. ಅದೇ ವರ್ಷ ಮಗ ಶಂತನುರಾಯರು ಅಮೆರಿಕೆಯ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದು ಮುಗಿಸಿ ಹಿಂದಿರುಗಿ ಬಂದರು. ಉದ್ಯಮವು ಮನೆತನದ ಮುಂದಿನ ತಲೆಮಾರಿನ ಕೈಗೆ ನಿಧಾನವಾಗಿ ಸಾಗಿತು.

ಬಿಟ್ಟುಹೋದ ಕುಲುಮೆ ಬೇರೆ ರೂಪದಲ್ಲಿ ಕನ್ನಡ ನಾಡಿಗೆ ಮರಳಿತೆನ್ನಬಹುದು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಸ್ಥಾಪಿತವಾಗಿ ಲೇತುಗಳನ್ನು ತಯಾರಿಸಿತು. ತುಂಗಭದ್ರೆಯ ದಂಡೆಯ ಆ ಊರಿನ ಎಷ್ಟೋ ಕುಟುಂಬಗಳು ಹಲವು ದಶಕಗಳ ಕಾಲ ಅದರ ಆಶ್ರಯದಲ್ಲಿ ಬಾಳಿದವು. ಆ ಕಾರ್ಖಾನೆ ಈಗ ಇಲ್ಲ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಆರಂಭವಾಯಿತು. ಪೀಣ್ಯ, ವೈಟ್‌ಫೀಲ್ಡ್, ಕಾಡುಗೋಡಿಯ ಸಣ್ಣ ಕಾರ್ಯಾಗಾರಗಳಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಆ ಹೆಸರು ಮೋಟಾರಿನ ಮೇಲಿನ ಫಲಕದಿಂದ ಪರಿಚಿತವೇ ಇದೆ. ಆ ಫಲಕದ ಹಿಂದೆ ಮಾರಾಟವಾಗದ ನೇಗಿಲುಗಳ ಎರಡು ವರ್ಷಗಳಿವೆಯೆಂಬುದು ತಿಳಿದಿರಲಾರದು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತಮ್ಮ 87ನೆಯ ವಯಸ್ಸಿನಲ್ಲಿ ದೈವಾಧೀನರಾದರು. ಇನ್ನು ಒಂದು ತಿಂಗಳೂ ಕೆಲವು ದಿನಗಳೂ ಕಳೆದಿದ್ದರೆ ಅವರು ಹುಟ್ಟಿದ ಗುರ್ಲಹೊಸೂರು ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದುದನ್ನು ಕಾಣುತ್ತಿದ್ದರು. ಅವರ ಜನ್ಮಶತಾಬ್ದಿಯ ದಿನವಾದ 1969ರ ಜೂನ್ 20ರಂದು ಭಾರತ ಸರ್ಕಾರವು ಅವರ ಭಾವಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಜಾಗ ತೆರವು ಮಾಡಬೇಕೆಂದು ಹೇಳಿದ್ದ ಬೆಳಗಾವಿಯಲ್ಲಿ, ಸಹೋದರರು ಸೈಕಲ್ ಅಂಗಡಿ ಇಟ್ಟಿದ್ದ ಬೀದಿಗೆ ಕಿರ್ಲೋಸ್ಕರ್ ರಸ್ತೆಯೆಂಬ ಹೆಸರಿದೆ.